ಸಾವಿನ ಮನೆಯ ಮೇಜು

ಸೆರ್ವಾಳ ಅಪ್ಪಾ,

ಕುಮಾಸಿ ಸಂತೆಗೆ ಹೊರಟೆ. ಮೆಕ್ಕೆಜೋಳದ ಕೆಂಕೆ ಉಂಡೆಗಳನ್ನೂ ಹುರಿದ ಮೀನನ್ನೂ ಮುಚ್ಚಿಟ್ಟಿದ್ದೇನೆ.

ಹಿಂದಿನ ಬೀದಿಯಲ್ಲಿ ತೀರಿಹೋದ ಅಫ್ರಕೋಮಾ ಅಜ್ಜಿಯ ಮನೆಗೆ ನಿನ್ನೆ ಸಂಜೆ ಹೋಗಿದ್ದೆ. ಶಾಮಿಯಾನದಡಿ ಕಪ್ಪು ಬಟ್ಟೆ ಉಟ್ಟವರ ನಡುವೆ, ಸಾವಿಗೆ ಬಂದವರು ಕಾಣಿಕೆ ಇಡುವ ಮೇಜಿನ ತುದಿಯಲ್ಲಿ, ನಮ್ಮ ಸೆರ್ವಾ ಹೋಂವರ್ಕ್ ಮಾಡುತ್ತಾ ಕೂತಿದ್ದಾಳೆ! ಗೆಳತಿಯ ಮನೆಗೆ ಹೋಗುತ್ತಾಳೆ ಅಂದುಕೊಂಡಿದ್ದೆವಲ್ಲ!

ಅಜ್ಜಿಯ ಮಗಳು ನನ್ನ ಕೈ ಹಿಡಿದು, "ದಿನಾ ಸಂಜೆ ಬರ್ತಾಳೆ, ಪಾಪ. ಅಜ್ಜೀನ ಎಷ್ಟು ಹಚ್ಕೊಂಡಿದ್ಲೋ!" ಅಂದು ಅತ್ತಳು. ಇವಳು ಆ ಅಜ್ಜಿಯ ಮುಖವನ್ನೇ ನೋಡಿಲ್ಲ! ದಾರಿಯಲ್ಲಿ ಗದರಿಸಿ ಕೇಳಿದರೆ, "ನಮ್ಮನೆಗಿಂತ ಸತ್ತೋರ ಮನೇಲೇ ಗಲಾಟೆ ಕಮ್ಮಿ, ಅಮ್ಮಾ" ಅನ್ನುತ್ತಾಳೆ.

ಅವಳಿಗೆ ಬೈಯಬೇಡಿ. ನಿಮ್ಮ ಸ್ಪೀಕರನ್ನು ಇವತ್ತೇ ಹೊರಗೆ ಸಾಗಿಸಿ. ಅಳಗುಳಿ ಮಣೆ ಮುಂದೆ ಕಿರುಚಾಡುವ ನಿಮ್ಮ ಗೆಳೆಯರನ್ನೂ ಅದರ ಜೊತೆಗೇ. ನಮ್ಮನೆ ಮೇಜಿನ ಮೇಲಿದ್ದ ನನ್ನ ಬಟ್ಟೆ ಗಂಟುಗಳನ್ನು ತೆಗೆದಿದ್ದೇನೆ, ಅಲ್ಲಿ ಇಟ್ಟಿದ್ದು ನನ್ನ ತಪ್ಪು. ಅವಳ ಲೆಕ್ಕ ಮುಗಿಯುವ ತನಕ ಪಕ್ಕದಲ್ಲಿ ಸುಮ್ಮನೆ ಕೂತಿರಿ. ಬಾಯಿ ತೆಗೆಯಬೇಡಿ.

ಶನಿವಾರ ಅಜ್ಜಿಯನ್ನು ಶವಾಗಾರದಿಂದ ತಂದು ಮಣ್ಣು ಮಾಡುತ್ತಾರೆ, ಶಾಮಿಯಾನ ಬಿಚ್ಚುತ್ತಾರೆ. ಮಲಗುವ ಮುಂಚೆ ನಿಮ್ಮ ಮಗಳು ಕೇಳಿದಳು:

"ಅಮ್ಮಾ, ಆಮೇಲೆ ಯಾರು ಸಾಯ್ತಾರೆ?"