ಬೊಗ್ನಾಳ ಹಿಂಬದಿ ಕೋನ

ವಾರ್ಸಾ
14 ನವೆಂಬರ್ 1997

ಪ್ರೀತಿಯ ಬೊಗ್ನಾ ಅಕ್ಕಾ,

ಮಂಡಿನೋವು ಹೇಗಿದೆ? ಸುವಾವ್ಕಿಯಲ್ಲಿ ಆಗಲೇ ಹಿಮ ಬಿದ್ದಿದೆಯಂತೆ. ಶಾಲೆಗೆ ನಡೆದೇ ಹೋಗುವ ಹಟ ಬಿಟ್ಟು ಬಸ್ಸು ಹತ್ತು. ನೀನು ಕಳಿಸಿದ ಉಪ್ಪುಸೌತೆಯ ಜಾಡಿ ಮೂರೇ ದಿನಕ್ಕೆ ಖಾಲಿಯಾಯಿತು.

ನಿನಗೆ ಹೇಳದೆ ಒಂದು ಕೆಲಸ ಮಾಡಿದ್ದೇನೆ. ನಮ್ಮ ತಂಡಕ್ಕೆ ನಾಲ್ಕು ದಿನ ಅಯಾನು ಕಿರಣ ಸಿಕ್ಕಿತ್ತು. ಕೊನೆಯ ಬೆಳಗನ್ನು ನಿನ್ನ ಹಿಂಬದಿ ಕೋನಕ್ಕೆ, ಹಾಳೆಗೆ ಬಡಿದು ಶಕ್ತಿ ಕಳೆದುಕೊಳ್ಳದೆ ಹಿಂದಕ್ಕೆ ಚಿಮ್ಮುವ ಅಯಾನುಗಳನ್ನು ನೀನು ಕಂಡೆನೆಂದ ಆ ದಿಕ್ಕಿಗೆ, ಮೀಸಲಿಟ್ಟೆ. ಅದೇ ಆಮ್ಲಜನಕದ ಅಯಾನು, ಅದೇ ಸಿಲಿಕಾನ್ ಹಾಳೆ. ನಿನ್ನೆ ಒಂಬತ್ತಕ್ಕೆ ಶುರುಮಾಡುವಷ್ಟರಲ್ಲಿ ಪ್ರೊಫೆಸರ್ ಜರೆಂಬ್ಸ್ಕಿ ಬಂದು ನನ್ನ ಪಕ್ಕದಲ್ಲೇ ಕುಳಿತರು. ನಿನ್ನನ್ನು ಪ್ರಯೋಗಾಲಯದಿಂದ ಕಳಿಸಿದ ಹದಿನೆಂಟು ವರ್ಷದ ನಂತರವೂ ಅವರ ನಾಲಿಗೆ ಹಾಗೇ ಇದೆ. "ಪರಮಾಣುವಿನ ಬೀಜಕೇಂದ್ರಾನ ಕೆರಳಿಸಿ ಶಕ್ತಿ ಕಳ್ಕೊಂಡು ಬಂದ ಅಯಾನುಗಳನ್ನೂ, ಏನೂ ಕಳ್ಕೊಳ್ದೆ ಚಿಮ್ಮಿದವನ್ನೂ ನಿಮ್ಮಕ್ಕ ಒಂದೇ ಗುಡ್ಡೆಗೆ ಸುರಿದ್ಲು. ಈಗ ತಂಗಿ ಸರದಿನಾ?" ಎಂದರು. ಯಂತ್ರ ನಡೆಸುವ ಚೆಸ್ವಾವ್ ಮಾಮ ತಲೆಯೆತ್ತದೆ, "ಕೂತು ನೋಡಿ ಸಾರ್, ಟಿಕೆಟ್ ಏನಿಲ್ಲ" ಅಂದ.

ಅಯಾನು ಎಣಿಸುವ ಹೊಸ ಶೋಧಕ ಆ ಎರಡನ್ನೂ ಬೇರೆಬೇರೆಯಾಗಿ ತೋರಿಸುತ್ತದೆ. ಅದೇ ನನ್ನ ಭಯ. ಶಕ್ತಿ ಕಳೆದುಕೊಳ್ಳದ ಅಯಾನುಗಳ ಜಾಗ ಖಾಲಿ ಉಳಿದರೆ, ನಿನ್ನನ್ನು ಎರಡನೇ ಸಲ, ನನ್ನ ಕೈಯಿಂದಲೇ, ಸುಳ್ಳಿಯಾಗಿಸಿದಂತೆ. ಒಂದು ಗಂಟೆಯಲ್ಲಿ ಬಂದದ್ದು ಹನ್ನೊಂದು ಎಣಿಕೆ, ಎಲ್ಲವೂ ಪರದೆಯ ಮೇಲೆ ಅಲ್ಲೊಂದು ಇಲ್ಲೊಂದು. ಆಮೇಲೆ ಎಣಿಕೆ ಕೂಡುತ್ತ ಹೋಗಿ, ಹನ್ನೊಂದೂವರೆಗೆ ಎರಡು ಶಿಖರ ನಿಂತವು, ನಡುವೆ ಸ್ಪಷ್ಟ ಕಣಿವೆ. ನೀನು ಹೇಳಿದಂತೆಯೇ, ಶಕ್ತಿ ಕಳೆದುಕೊಳ್ಳದವುಗಳ ಶಿಖರವೇ ಎತ್ತರ.

ಪ್ರೊಫೆಸರ್ ಸಿಲಿಕಾನ್ ಹಾಳೆ ಬದಲಿಸಲು ಹೇಳಿದರು. ಬದಲಿಸಿದೆವು. ಮತ್ತೆ ಅದೇ. "ಬೊಗ್ನಾ ಈಗ ಏನ್ ಮಾಡ್ತಿದ್ದಾಳೆ?" ಎಂದು ಕೇಳಿದರು. "ಎಂಟನೇ ಕ್ಲಾಸಿನ ಮಕ್ಕಳಿಗೆ ಪಾಠ" ಅಂದೆ. "ಅವಳ ಹಳೇ ನೋಟ್‌ಬುಕ್ ನಾನು ಪೂರ್ತಿ ಓದ್ಲೇ ಇಲ್ಲ" ಎಂದರು. ನನಗೆ ಗೆದ್ದೆನೆನ್ನಿಸಲಿಲ್ಲ ಅಕ್ಕಾ, ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ.

ಭಾವನಿಗೆ ನನ್ನ ನಮಸ್ಕಾರ ಹೇಳು. ಔಷಧಿ ತಪ್ಪಿಸಬೇಡ.

ನಿನ್ನ ತಂಗಿ,
ಲುದ್ವಿಕಾ

ಮರೆತಿದ್ದೆ: ಪ್ರೊಫೆಸರ್ ನಿನ್ನ ವಿಳಾಸ ಕೇಳಿದರು, ಕೊಟ್ಟುಬಿಟ್ಟೆ. 23ರ ಭಾನುವಾರ ಬೆಳಗಿನ ರೈಲಿಗೆ ಬರುತ್ತಾರೆ, ಈ ಫಲಿತಾಂಶದ ಪ್ರಬಂಧದ ಕರಡು ಹಿಡಿದು. ಬಾಗಿಲು ತೆಗೆಯುವುದು ಬಿಡುವುದು ನಿನ್ನಿಷ್ಟ. ತೆಗೆದರೆ, ಮೊದಲ ಹೆಸರು ನಿನ್ನದೇ ಇದೆಯಾ ನೋಡಿಕೊಂಡು ಆಮೇಲೆ ಚಹಾ ಕೊಡು.