ತುಂಡರಿಸದ ಪಟ್ಟಿ ನಮ್ಮ ಮನೆಯದಲ್ಲ

ಮಾನ್ಯ ಕಡಲತೀರ ಸ್ವಚ್ಛತಾ ಮೇಲ್ವಿಚಾರಕರೇ,

ಪೆಂಗ್ವಿನ್ ಗೂಡುಗಳಲ್ಲಿ ಸಿಕ್ಕ ಪ್ಲಾಸ್ಟಿಕ್ಕೆಲ್ಲ ನಮ್ಮ ಕುರಿಕೊಟ್ಟಿಗೆಯದೆಂದು ತೀರ್ಮಾನಿಸಿ, ನಮ್ಮದೇ ಹುಲ್ಲುಗಾವಲಿನ ಕೊನೆಯಲ್ಲಿ, ಬೇಲಿಯಾಚೆ ಆ ಗೂಡುಗಳಿರುವ ಭೂಶಿರಕ್ಕೆ ನಾವು ಕಾಲಿಡಕೂಡದೆಂದು ಅಪ್ಪಣೆ ಮಾಡಿದ್ದೀರಿ. ವಿಚಾರಣೆ ಮುಗಿದ ಮೇಲೆ ಆ ಜಾಗವನ್ನು ಕಾಯಂ ಆಗಿ ಕಿತ್ತುಕೊಳ್ಳುತ್ತೀರಂತೆ. ಫಾಕ್‌ಲೆಂಡಿನ ಈ ಪಶ್ಚಿಮದಂಚಿನಲ್ಲಿ ಅಜ್ಜನ ಕಾಲದಿಂದ ಕುರಿ ಸಾಕಿಕೊಂಡು ಆ ಹಕ್ಕಿಗಳ ಮಗ್ಗುಲಲ್ಲೇ ಬದುಕಿದವರು ನಾವು. ಅವುಗಳ ಶತ್ರುಗಳೆಂದು ನಮ್ಮನ್ನು ಗೊತ್ತುಮಾಡಿದ್ದು ಯಾವಾಗ, ಸ್ವಾಮಿ? ನಿಮ್ಮ ತನಿಖೆಯವರು ವಿಮಾನದಿಂದ ಇಳಿದ ಮೇಲೋ, ಹತ್ತುವ ಮೊದಲೋ?

ಅವರು ಬಂದದ್ದು ನಮ್ಮ ಚಹಾದ ಹೊತ್ತಿಗೆ. ಗೂಡುಗಳಲ್ಲಿ ಸಿಕ್ಕ ನೀಲಿ ಪ್ಲಾಸ್ಟಿಕ್ ಪ್ಯಾಕಿಂಗ್ ಪಟ್ಟಿಗಳನ್ನು ಕೈಚೀಲದಿಂದ ತೆಗೆದು ಅಡುಗೆಮನೆಯ ಮೇಜಿನ ಮೇಲೆ, ಕೇಕಿನ ತಟ್ಟೆಯ ಪಕ್ಕದಲ್ಲೇ ಹರಡಿದರು. "ಇಂಥವು ನಿಮ್ಮಲ್ಲಿಗೆ ಬರ್ತವಾ?" ಎಂದು ಕೇಳಿದರು. ನನ್ನ ಗಂಡ ಫರ್ಗಸ್ ಸುಳ್ಳು ಹೇಳಲು ಬಾರದ ಆಸಾಮಿ. "ಬರ್ತವೆ. ಕುರಿ ಔಷಧಿ ಪೆಟ್ಟಿಗೆಗೆ ಸುತ್ತಿರ್ತಾರೆ" ಎಂದುಬಿಟ್ಟ. ತಕ್ಷಣ ತನಿಖೆಯವರ ಮುಖ ಅರಳಿದ್ದನ್ನು ನಾನು ಕಂಡೆ. ಬೇಕಾದ ಉತ್ತರ ಸಿಕ್ಕಿದವರ ಮುಖ ಹಾಗೇ ಅರಳುವುದು.

ಆದರೆ ನಮ್ಮತ್ತೆ ಊನಾ ಒಂದು ಪಟ್ಟಿಯನ್ನು ಬೆರಳಿಗೆ ಸಿಕ್ಕಿಸಿ ಎತ್ತಿ ಹಿಡಿದರು.

"ಅಯ್ಯೋ, ಇದು ಇಡೀ ಬಳೆಯ ಹಾಗೇ ಇದೆಯಲ್ಲಪ್ಪಾ! ನಮ್ಮನೇದಲ್ಲ ಬಿಡು."

"ಅದು ಹೇಗೆ ಹೇಳ್ತೀರಿ, ಅಮ್ಮಾ?"

"ನಾವು ತುಂಡು ಮಾಡದೆ ಎಸೆಯೋದೇ ಇಲ್ಲ. ಈ ದ್ವೀಪದಲ್ಲಿ ಯಾವ ಮನೆಗಾದ್ರೂ ಹೋಗಿ ಕೇಳು. ಇನ್ನೊಂದು ಚೂರು ಕೇಕ್ ತಗೋ, ಬರೆಯೋಕೆ ಶಕ್ತಿ ಬೇಕಲ್ಲ ನಿಂಗೆ."

ಅತ್ತೆ ಹೇಳಿದ್ದು ನಿಜ. ಎಂದೋ ಒಂದು ಸೀಲ್ ಮರಿ ಕೊರಳಿಗೆ ಬಿದ್ದ ಪಟ್ಟಿಯಿಂದ ನರಳಿ ಸತ್ತದ್ದನ್ನು ನಮ್ಮ ಹಿರಿಯರು ಕಣ್ಣಾರೆ ಕಂಡಿದ್ದರು. ಅಂದಿನಿಂದ ಉಂಗುರದಂಥದ್ದೇನಿದ್ದರೂ, ಪೆಟ್ಟಿಗೆಯಿಂದ ಜಾರಿಸಿ ತೆಗೆದ ಪಟ್ಟಿಯಾದರೂ, ಕತ್ತರಿಸದೆ ಹೊರಗೆ ಹಾಕುವ ಪದ್ಧತಿ ಇಲ್ಲಿಲ್ಲ. ಮರೆತ ಮಕ್ಕಳಿಗೆ ಬೈಗುಳ ತಪ್ಪುವುದಿಲ್ಲ. ಇದನ್ನೆಲ್ಲ ನಿಮ್ಮವರು ಕೇಕು ಮೆಲ್ಲುತ್ತ ಕೇಳಿಸಿಕೊಂಡರು, ತಲೆಯನ್ನೂ ಆಡಿಸಿದರು. ನಿಮ್ಮ ವರದಿಯಲ್ಲಿ ಮಾತ್ರ ಒಂದಕ್ಷರವಿಲ್ಲ! ಕೇಕಿನ ಜೊತೆಗೆ ಅದನ್ನೂ ನುಂಗಿಬಿಟ್ಟರೋ?

ಇನ್ನೊಂದು ಮಾತು. ನಮ್ಮ ಬೇಲಿಯ ಬಳಿ ನಿಂತರೆ ಬೊಂಡಾಸ್ ಮೀನು ಹಿಡಿಯುವ ಹಡಗುಗಳು ಸಾಲಾಗಿ ಕಾಣುತ್ತವೆ. ಅವುಗಳ ಪೆಟ್ಟಿಗೆಗಳಿಗೆ ಸುತ್ತುವುದೂ ನೀಲಿ ಪಟ್ಟಿಯೇ. ಗಾಳಿ ಬೀಸುವುದೂ ಅತ್ತಲಿಂದ ಇತ್ತ. ಇಷ್ಟು ಹೇಳಿದ್ದೇ ತಡ, ನಿಮ್ಮವರು ವಿಮಾನಕ್ಕೆ ಹೊತ್ತಾಯಿತೆಂದು ಎದ್ದು ನಿಂತರು. ಕುಂಬಳಕಾಯಿ ಕಳ್ಳ ಅಂದರೆ ಅವರೇಕೆ ಹೆಗಲು ಮುಟ್ಟಿಕೊಳ್ಳಬೇಕಿತ್ತು? ಹಡಗಿನವರ ಹೆಸರೆತ್ತಲು ನಿಮಗೆ ಯಾರ ಅಂಜಿಕೆ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ವೈದ್ಯ ದಡ್ಡನಿರಬಹುದು. ನೀವು ದಡ್ಡರೆಂದು ನನಗೆ ಅನ್ನಿಸುವುದಿಲ್ಲ, ಅದಕ್ಕೇ ಅನುಮಾನ.

ಆದ್ದರಿಂದ ವಿಚಾರಣೆಗೆ ಆ ಪಟ್ಟಿಗಳನ್ನು ಇದ್ದ ಹಾಗೇ ತನ್ನಿ, ಹಡಗಿನವರನ್ನೂ ಕರೆಸಿ, ಎಲ್ಲರೆದುರು ಕೇಳಿ. ಅಲ್ಲಿಯವರೆಗೆ ನಿಮ್ಮ ಅಪ್ಪಣೆಯನ್ನು ಹಿಂತೆಗೆದುಕೊಳ್ಳಿ.

ಇದು ನಾಳೆಯವರೆಗೆ ಕಾಯುವ ಮಾತಲ್ಲ. ಇಂದು ಬೆಳಿಗ್ಗೆ ಬೇಲಿಯಾಚೆ ಒಂದು ತಾಯಿ ಪೆಂಗ್ವಿನ್ ಕಡಲಿನಿಂದ ಹತ್ತಿ ಬಂತು. ಕೊಕ್ಕಿಗೂ ಕೊರಳಿಗೂ ನೀಲಿ ಪಟ್ಟಿ ಸಿಕ್ಕಿಕೊಂಡಿದೆ. ಮರಿಗಳು ಬಾಯಿ ತೆರೆದು ಅದರ ಎದೆಗೆ ಗುದ್ದುತ್ತಿವೆ. ಹೊಟ್ಟೆ ತುಂಬ ಮೀನಿದ್ದರೂ ಕಕ್ಕಿ ಉಣಿಸಲು ಅದಕ್ಕೆ ಬಾಯಿ ಬಿಡಲಾಗುತ್ತಿಲ್ಲ. ನಾನು ಕತ್ತರಿ ಕೈಗೆತ್ತಿಕೊಂಡಿದ್ದೇನೆ. ಫರ್ಗಸ್ ನನ್ನ ತೋಳು ಹಿಡಿದು, "ದಾಟಬೇಡ ಕಣೇ, ಅವರು ಕಾಯ್ತಿರೋದೇ ಇದಕ್ಕೆ, ಜಾಗ ಹೋಗುತ್ತೆ" ಎನ್ನುತ್ತಿದ್ದಾನೆ. ಅವನ ಮಾತು ಸರಿಯೇ. ಜಾಗ ಹೋದರೆ ಹೋಗಲಿ. ಈ ಪತ್ರವನ್ನು ಅವನ ಕೈಗೆ ಕೊಟ್ಟು ನಾನು ಬೇಲಿ ದಾಟುತ್ತಿದ್ದೇನೆ.

ಇಂತಿ,
ನೀವು ಇದನ್ನು ಓದುವ ಹೊತ್ತಿಗೆ ನಿಜವಾಗಿಯೂ ತಪ್ಪಿತಸ್ಥಳಾಗಿರುವ
ಇಸ್ಲಾ ಮೆಕಾಸ್ಕಿಲ್