ಬೆಂಚಿನ ಮೇಲಿದ್ದ ಹದಿನಾಲ್ಕನೇ ನಂಬರ್

ಜೂನ್ 10, ಸೋಮವಾರ. ಬೆಳಿಗ್ಗೆ 8.20

ಪ್ರಾಕ್ಟೀಸ್ ಮುಗಿಯಿತು. ಇವತ್ತೂ ನಾನೇ ಸ್ಕೋರರ್. ನಾನು ಕೆಲಸ ಮಾಡುವ ಕಾಲೇಜು ಲೈಬ್ರರಿ ತೆರೆಯುವುದು ಒಂಬತ್ತೂವರೆಗೆ, ಅಲ್ಲಿಯವರೆಗೆ ಕೋರ್ಟಿನ ಪಕ್ಕದ ಮೇಜು ನನ್ನದು. ಯಾರ ಜೊತೆಗೂ ಮಾತಾಡಬೇಕಿಲ್ಲ, ನೋಡಿ ಬರೆದರೆ ಸಾಕು — ನನಗೆ ಹೇಳಿ ಮಾಡಿಸಿದ ಕೆಲಸ. ಆಡಲು ಇಳಿದವಳ ಹೆಸರಿನ ಮುಂದೆ ಕತ್ತರಿ ಗುರುತು (×). ಇಳಿಯದವಳ ಮುಂದೆ ಖಾಲಿ. ಕಲಿಸಿದ್ದು ವಾಸಂತಿ ಟೀಚರ್.

ಟೀಚರ್ ಗದಗಿನವರು, ನನ್ನ ಹಾಗೇ ಕನ್ನಡದವರು. ಕೊಚ್ಚಿಯ ಈ ಕಾಲೇಜಿನಲ್ಲಿ ಹನ್ನೊಂದು ವರ್ಷದಿಂದ ಬ್ಯಾಸ್ಕೆಟ್‌ಬಾಲ್ ಕೋಚ್. ಹುಡುಗಿಯರನ್ನು ಮಲಯಾಳಂನಲ್ಲಿ ಹೊಗಳುತ್ತಾರೆ, ಕನ್ನಡದಲ್ಲಿ ಬೈಯುತ್ತಾರೆ. ಕ್ಯಾಪ್ಟನ್ ಗ್ರೀಷ್ಮಾ, ನನ್ನನ್ನು ಅಕ್ಕ ಅಂತ ಕರೆಯುವವಳು, ಬಂದು ಕೇಳಿದಳು — "ಚೇಚಿ, 'ದನಾ ಕಾಯಾಕ ಹೋಗ' ಅಂದರೇನು?"

"ಪಾಸ್ ಚೆನ್ನಾಗಿತ್ತು ಅಂತ."

ನಂಬಿದಳು, ಪಾಪ.

ಜೂನ್ 13, ಗುರುವಾರ

ಸಂಜೆ ಟೀಚರ್ ಲೈಬ್ರರಿಗೆ ಬಂದರು. ಪುಸ್ತಕಕ್ಕಲ್ಲ.

"ಆಯೇಷಾ, ತಿರುವನಂತಪುರದ ಸ್ಪೋರ್ಟ್ಸ್ ಹಾಸ್ಟೆಲ್‌ಗೆ ಖಾಯಂ ಕೋಚ್ ಬೇಕಂತ. ನಲವತ್ತು ತುಂಬಿರಬಾರದು. ಸೆಪ್ಟೆಂಬರಿಗೆ ನನಗ ತುಂಬತಾವ. ಇದ ಕಡೇ ಚಾನ್ಸ್ ನೋಡವಾ. ಬಯೋಡೇಟಾ ಇಂಗ್ಲಿಷ್‌ನಾಗ ಬೇಕು. ನೀ ಬರದುಕೊಡು."

ಇಲ್ಲಿ ಅವರನ್ನು ಪ್ರತಿ ಮಾರ್ಚ್‌ನಲ್ಲಿ ಮನೆಗೆ ಕಳಿಸುತ್ತಾರೆ, ಜೂನ್‌ನಲ್ಲಿ ಮತ್ತೆ ಕರೆಯುತ್ತಾರೆ. ಹನ್ನೊಂದು ಸಲ. ನಾನು ಪೆನ್ನು ತೆಗೆದೆ.

"ಬಾಲ್ ಮೊದಲು ಮುಟ್ಟಿದ್ದು ಯಾವಾಗ?"

"ಎಂಟನೇತ್ತಾ ಇದ್ದಾಗ. ಖೋ-ಖೋ ಆಡತಿದ್ದೆ. ಓಂಕಾರಪ್ಪ ಮಾಸ್ತರು ನನ್ನ ಉದ್ದ ನೋಡಿ, 'ಏ ಜೋಳದ ದಂಟ, ಬಾ ಇಲ್ಲೆ' ಅಂದ್ರು. ಬಂದೆ. ಅಷ್ಟ."

ಆಮೇಲೆ ಧಾರವಾಡದ ಹಾಸ್ಟೆಲ್, ಯೂನಿವರ್ಸಿಟಿ ತಂಡ. ಇಪ್ಪತ್ತೊಂದಕ್ಕೆ ಕೊಚ್ಚಿಯ ಒಂದು ಸರ್ಕಾರಿ ಕಚೇರಿಯ ತಂಡಕ್ಕೆ ಸ್ಟೈಪೆಂಡ್ ಮೇಲೆ ಬಂದರು. 2007ರಲ್ಲಿ ಆ ತಂಡ ರಾಷ್ಟ್ರೀಯ ಟ್ರೋಫಿ ಗೆದ್ದಿತು. ಕೆಲಸ ಖಾಯಂ ಆಗುವ ಮೊದಲೇ ಮೊಣಕಾಲಿನ ಲಿಗಮೆಂಟ್ ಹರಿಯಿತು. ಆಟ ಹೋಯಿತು, ಕೆಲಸವೂ ಹೋಯಿತು.

"ಜೋಸೆಫ್ ಒಬ್ಬಾಂವ ಉಳದ," ಅಂದು ನಕ್ಕರು. ಜೋಸೆಫ್ ಅವರ ಗಂಡ, ವಲ್ಲಾರ್ಪಾಡಂ ಬಂದರಿನ ಟರ್ಮಿನಲ್‌ನಲ್ಲಿ ಕ್ರೇನ್ ಆಪರೇಟರ್. ಮದುವೆಯ ನಂತರ ಕೋಚಿಂಗ್ ಡಿಪ್ಲೊಮಾ. ಆಮೇಲೆ ಈ ಕಾಲೇಜು.

ಜೂನ್ 14, ಶುಕ್ರವಾರ

ಬರೆದು ಮುಗಿಸಿದೆ. ಬರೀ ಇಸವಿ, ಊರು, ಇಸವಿ, ಊರು... ತೀರಾ ಒಣಗಿದ ಹಾಗಿತ್ತು. 2007ರ ಸಾಲಿಗೆ ಸ್ವಲ್ಪ ಜೀವ ತುಂಬಿದೆ — ಫೈನಲ್‌ನಲ್ಲಿ ತಂಡದ ಬೆನ್ನೆಲುಬಾಗಿ ಆಡಿ ಗೆಲ್ಲಿಸಿದವರು, ಅಂತ. ಇಂಗ್ಲಿಷ್‌ನಲ್ಲಿ ಇನ್ನೂ ಚೆನ್ನಾಗಿದೆ.

ಟೀಚರ್ ಓದದೇ ಸಹಿ ಮಾಡಿದರು. "ಎಂ.ಎ. ಮಾಡಿದಾಕಿ ಬರದಿದ್ದರಾಗ ನಾ ಏನ್ ತಪ್ಪು ಹಿಡೀಲಿ?"

ನಾನೇ ಅಪ್‌ಲೋಡ್ ಮಾಡಿದೆ. ಸಬ್‌ಮಿಟ್. ಖುಷಿಯಾಗಿದೆ.

ಜೂನ್ 21, ಶುಕ್ರವಾರ

ಜೋಸೆಫ್ ಚೇಟ್ಟನ್ (ಇಲ್ಲಿ ಅಣ್ಣನಿಗೆ ಹಾಗೆನ್ನುತ್ತಾರೆ) ಒಂದು ತಗಡಿನ ಪೆಟ್ಟಿಗೆ ತಂದಿಟ್ಟು ಹೋದರು. ಇಂಟರ್‌ವ್ಯೂಗೆ ಒರಿಜಿನಲ್ ಸರ್ಟಿಫಿಕೇಟುಗಳನ್ನು ಫೈಲ್ ಮಾಡಬೇಕು. ತಳದಲ್ಲಿ 2007ರ ಫೈನಲ್‌ನ ಸ್ಕೋರ್‌ಶೀಟ್, ಲ್ಯಾಮಿನೇಟ್ ಮಾಡಿಸಿಟ್ಟದ್ದು.

ಹದಿನಾಲ್ಕನೇ ನಂಬರ್, ವಾಸಂತಿ. ಮುಂದೆ ಕತ್ತರಿ ಗುರುತಿಲ್ಲ.

ಮೂರು ಸಲ ನೋಡಿದೆ. ಖಾಲಿ.

ಜೂನ್ 29, ಶನಿವಾರ

ಒಂದು ವಾರ ಇಲ್ಲಿ ಏನೂ ಬರೆಯಲಿಲ್ಲ. ಬರೆಯುವುದೆಂದರೆ ಭಯವಾಗಿತ್ತು. ಪೋರ್ಟಲ್‌ನಲ್ಲಿ ತಿದ್ದಲು ನೋಡಿದೆ, ಆಗುವುದಿಲ್ಲ. ಸುಳ್ಳು ಮಾಹಿತಿ ಕೊಟ್ಟವರ ಅರ್ಜಿ ತಿರಸ್ಕರಿಸುತ್ತೇವೆ ಎಂದು ಅದರಲ್ಲೇ ಬರೆದಿದೆ.

ಇವತ್ತು ಅವರ ಮನೆಗೆ ಹೋಗಿ ಹೇಳಿದೆ.

"ಟೀಚರ್, ಫೈನಲ್‌ನಲ್ಲಿ ನೀವು..."

"ಆಡಲಿಲ್ಲ. ಆ ಇಡೀ ಟೂರ್ನಿ ಆಡಲಿಲ್ಲ. ಯಾಕ?"

"ನಾನು ಬೆನ್ನೆಲುಬು ಅಂತ ಬರೆದುಬಿಟ್ಟಿದ್ದೀನಿ."

"ಬೆನ್ನೆಲುಬ? ಎರಡು ತಾಸು ಬೆಂಚಿನ ಮ್ಯಾಲ ಕುಂತು ಬೆನ್ನು ಹಿಡಕೊಂಡಿತ್ತು. ಅದೊಂದು ಖರೆ." ಹೊಟ್ಟೆ ಹಿಡಿದು ನಕ್ಕರು. ಆಮೇಲೆ ನಗು ನಿಂತಿತು. "ಓದದ ಸಹಿ ಹಾಕಿದ್ದು ನಾನು. ತಪ್ಪು ಇಬ್ಬರದೂ. ಹೋಗಿ ಖರೆ ಹೇಳಿಬಿಡ್ತೀನಿ."

"ಅವರು ಕೇಳಿಲ್ಲ ಅಂದ್ರೆ ಹೇಳೋದು ಬೇಡ ವಾಸಂತೀ, ಪ್ಲೀಸ್," ಅಂದರು ಜೋಸೆಫ್ ಚೇಟ್ಟನ್, ತಮ್ಮ ಕನ್ನಡದಲ್ಲಿ.

"ಕೇಳದಿದ್ರೂ ಹೇಳ್ತೀನಿ. ನಾಳೆ ನನ್ನ ಹುಡಗ್ಯಾರು ಸ್ಕೋರ್‌ಶೀಟ್ ನೋಡಿದ್ರ?"

ನನಗೆ ಅಳು ಬಂತು. ಟೀಚರ್ ಕರಿದ ಮೀನು ತಟ್ಟೆಗೆ ಹಾಕಿದರು. "ಮೊದಲು ತಿನ್ನು. ಆಮ್ಯಾಲ ಅಳು, ಶಕ್ತಿ ಇರತೈತಿ."

ಜುಲೈ 11, ಗುರುವಾರ. ತಿರುವನಂತಪುರದಿಂದ ವಾಪಸ್, ಟ್ರೇನ್‌ನಲ್ಲಿ

ಏಳು ಜನ ಅಭ್ಯರ್ಥಿಗಳು. ಒಬ್ಬಾಕೆ ಭಾರತಕ್ಕೆ ಆಡಿದವರು, ಬ್ಲೇಜರ್ ಹಾಕಿಕೊಂಡು ಬಂದಿದ್ದರು. ನಾನು ಫೈಲ್ ಹಿಡಿದು ಗ್ಯಾಲರಿಯಲ್ಲಿ ಕುಳಿತೆ. ಟೀಚರ್ ಇಂಟರ್‌ವ್ಯೂ ಕೋಣೆಯಿಂದ ಹತ್ತೇ ನಿಮಿಷದಲ್ಲಿ ಹೊರಗೆ ಬಂದರು.

"ಏನಾಯ್ತು?"

"ಕುಂದ್ರೂಕಿಂತ ಮೊದಲ ಹೇಳಿದೆ — ಅದೊಂದು ಸಾಲು ತಪ್ಪೈತಿ, ನಾ ಒಂದು ನಿಮಿಷಾನೂ ಆಡಿಲ್ಲ ಅಂತ. ಆಯ್ಕೆ ಮಾಡೂ ಮೇಡಂ ಕೇಳಿದ್ರು, 'ಹಂಗಾರ ಫೈನಲ್‌ನಾಗ ಏನ್ ಮಾಡಿದ್ರಿ?' 'ನೋಡಿದೆ' ಅಂದೆ."

"ಆಮೇಲೆ?"

"'ಏನ್ ನೋಡಿದ್ರಿ, ಹೊರಗ ಕೋರ್ಟಿನಾಗ ತೋರಸ್ರಿ' ಅಂದ್ರು. ಸಿಟ್ಟಿಲೆ ಅಂದ್ರೋ, ಖರೇನ ಅಂದ್ರೋ... ಗೊತ್ತಾಗಲಿಲ್ಲ."

ಡೆಮೊ ಎಲ್ಲರಿಗೂ ಇತ್ತು. ಹಾಸ್ಟೆಲ್‌ನ ಹದಿನಾರು ಹುಡುಗಿಯರು, ಇಪ್ಪತ್ತು ನಿಮಿಷ. ಉಳಿದ ಅಭ್ಯರ್ಥಿಗಳು ಒಳ್ಳೆಯ ಹತ್ತು ಜನರನ್ನು ಆಡಿಸಿದರು. ಆರು ಜನ ಬೆಂಚಿನಲ್ಲಿ ಜಡೆ ಹೆಣೆಯುತ್ತಾ ಕುಳಿತಿದ್ದರು. ಟೀಚರ್ ಹೋದವರೇ ಬೆಂಚಿನ ಮುಂದೆ ಮೊಣಕಾಲೂರಿದರು, ಲಿಗಮೆಂಟ್ ಹರಿದ ಆ ಮೊಣಕಾಲನ್ನೇ. ಒಬ್ಬೊಬ್ಬಳಿಗೂ ಆಡುವವರಲ್ಲಿ ಒಬ್ಬಳನ್ನು ಹಂಚಿದರು. ನೀನು ಇವಳನ್ನು ಮಾತ್ರ ನೋಡು, ಬಾಲ್ ನೋಡಬೇಡ, ಅಂದರು.

ಎಂಟು ನಿಮಿಷದ ನಂತರ ಬೆಂಚಿನ ತುದಿಯಿಂದ ಒಬ್ಬ ಕುಳ್ಳಿ ಕೈ ಎತ್ತಿದಳು. ನಿರ್ಮಲ, ವಿಳಿಂಜಂನ ಮೀನುಗಾರರ ಮನೆಯವಳು. ಒಂಬತ್ತನೇ ನಂಬರಿನವಳು ಎಡಕ್ಕೆ ಹೋಗುವ ಮೊದಲು ತನ್ನ ಶೂ ನೋಡಿಕೊಳ್ಳುತ್ತಾಳೆ, ಅಂದಳು. ಟೀಚರ್ ಅವಳನ್ನು ಒಳಗೆ ಕಳಿಸಿದರು.

ಒಂಬತ್ತನೆಯವಳು ಶೂ ನೋಡಿದಳು. ಮರುಕ್ಷಣ ಬಾಲ್ ನಿರ್ಮಲಳ ಕೈಯಲ್ಲಿ! ಒಬ್ಬಳೇ ಓಡಿದಳು, ಎದುರಿಗೆ ಯಾರೂ ಇಲ್ಲ, ಎಸೆದಳು — ರಿಂಗಿಗೆ ಬಡಿದು ಹೊರಗೆ ಬಂತು.

"ದನಾ ಕಾಯಾಕ ಹೋಗ!" ಟೀಚರ್ ಕೂಗಿದರು, ಚಪ್ಪಾಳೆ ತಟ್ಟುತ್ತಲೇ. ಬೆಂಚಿನ ಐವರೂ ಎದ್ದು ನಿಂತು ಕುಣಿಯುತ್ತಿದ್ದರು.

ಈಗ ಕೊಲ್ಲಂ ದಾಟಿದೆ. ಟೀಚರ್ ಕಿಟಕಿಗೆ ತಲೆಯಾನಿಸಿದ್ದಾರೆ. "ಸಿಗಂಗಿಲ್ಲ ಬಿಡು. ಬ್ಲೇಜರ್ ಬಂದೈತಿ. ಆದ್ರ ಆಟ ಭಾಳ ಚಲೋ ಆತು, ಹೌದಿಲ್ಲೋ?"

ಹೌದು ಅಂದೆ. ಇನ್ನೇನಾದರೂ ಹೇಳಬೇಕಿತ್ತು. ನನಗೆ ಬಾಯಿ ಬರುವುದು ಯಾವಾಗಲೂ ಒಂದು ಸ್ಟೇಷನ್ ಆದಮೇಲೆ.

ಜುಲೈ 26, ಶುಕ್ರವಾರ. ಸಂಜೆ 5.38

ಕೋರ್ಟಿನ ಪಕ್ಕದ ಮೇಜು. ಇವತ್ತು ಸಂಜೆಯೂ ಪ್ರಾಕ್ಟೀಸ್.

ಹಾಸ್ಟೆಲ್ ಕೋಚ್ ಆಯ್ಕೆಯ ಲಿಸ್ಟ್ ಬಂದಿದೆ. ಬ್ಲೇಜರ್‌ನವರು ಎರಡನೆಯವರು. ಮೊದಲನೆಯ ಹೆಸರು ವಾಸಂತಿ. ನಾಲ್ಕು ಸಲ ರಿಫ್ರೆಶ್ ಮಾಡಿದೆ, ಹಾಗೇ ಇದೆ.

ಟೀಚರ್‌ಗೆ ಗೊತ್ತಿಲ್ಲ. ಫೋನ್ ಬ್ಯಾಗಿನಲ್ಲಿದೆ, ಅವರು ಕೋರ್ಟಿನ ನಡುವೆ. ಕೈ ಬೀಸಿದೆ. ಆರಕ್ಕೆ, ಎಂದು ಬೆರಳು ತೋರಿಸಿದರು. ಪ್ರಾಕ್ಟೀಸ್ ನಡುವೆ ಮಾತಾಡಿಸಿದವರು ಕೋರ್ಟಿಗೆ ಹತ್ತು ಸುತ್ತು ಓಡಬೇಕು. ಯಾರಿಗೂ ರಿಯಾಯಿತಿಯಿಲ್ಲ.

5.46

ಜೋಸೆಫ್ ಚೇಟ್ಟನ್ ಬಂದರು. ಶಿಫ್ಟ್‌ನಿಂದ ನೇರವಾಗಿ, ಹೆಲ್ಮೆಟ್ ಕೂಡ ತೆಗೆದಿಲ್ಲ. ಲಿಸ್ಟ್ ನೋಡಿಯೇ ಬಂದವರು, ಕಣ್ಣು ಕೆಂಪಾಗಿದೆ. ಕೋರ್ಟಿನ ಗೆರೆಯವರೆಗೆ ಹೋದರು, ನಿಂತರು, ವಾಪಸ್ ಬಂದರು.

"ಮೋಳೇ, ಮಗಳೇ, ನೀನು ಹೇಳು. ಹೋದ ವರ್ಷ ನನ್ನ ಓಡಿಸಿದಳು. ಮೂರು ದಿವಸ ಕಾಲು ನೋವು."

"ನಾನಾ? ಆರಾಗಲಿ ಚೇಟ್ಟಾ."

"ಹದಿನಾಲ್ಕು ನಿಮಿಷ ಉಂಟು. ನನಗೆ ಆಗಲ್ಲ."

5.51

ಗ್ರೀಷ್ಮಾ ಬೈಸಿಕೊಳ್ಳುತ್ತಿದ್ದಾಳೆ, ಕನ್ನಡದಲ್ಲಿ. ಆಗಸ್ಟಿನಿಂದ ಇವಳನ್ನು ಯಾರು ಬೈಯುತ್ತಾರೆ? ಅದನ್ನು ಈಗ ಯೋಚಿಸುವುದಿಲ್ಲ.

ಹನ್ನೊಂದು ಜೂನ್ ಕಾದವರು. ಅವರನ್ನು ಇನ್ನೂ ಒಂಬತ್ತು ನಿಮಿಷ ಯಾಕೆ ಕಾಯಿಸಬೇಕು? ಹತ್ತು ಸುತ್ತು ತಾನೇ. ಚಪ್ಪಲಿ ಬಿಚ್ಚಿಟ್ಟಿದ್ದೇನೆ. ದುಪಟ್ಟಾ ಕಟ್ಟಿಕೊಂಡೆ. ಈಗ —